ಬೆಳ್ಳಿ ಬಿಲ್ಲೆ, ಕಂಚಿನ ಬಿಲ್ಲೆ ಮತ್ತು ಲೆಕ್ಕಕ್ಕೆ ಬರದ ಸೇವೆ

ಪೋಸ್ಟ್ ಉದ್ದ ಇದೆ. ಬಸ್ಸಿನಲ್ಲೋ ಊಟದ ಬಿಡುವಿನಲ್ಲೋ ನಿಧಾನಕ್ಕೆ ಓದಿ. ಅರ್ಧ ಓದಿ ಕಾಮೆಂಟ್ ಹಾಕಬೇಡಿ ಅಂತ ಮೊದಲೇ ಕೇಳಿಕೊಳ್ತೀನಿ.

ಪ್ರತಿ ಜನವರಿ 1ಕ್ಕೆ ನಾವೆಲ್ಲ ಕೋರೆಗಾಂವ್ ಸ್ತಂಭದ ಫೋಟೋ ಹಾಕ್ತೀವಿ. ಹಾಕಲೇಬೇಕು. ಆ ಕಲ್ಲಿನ ಮೇಲೆ 'ನಾಕ್' ಅಂತ ಮುಗಿಯುವ ನಮ್ಮವರ ಹೆಸರುಗಳಿವೆ. ಪೇಶ್ವೆಗಳ ಪುಣೆಯಲ್ಲಿ ಕೊರಳಿಗೆ ಮಡಕೆ ಕಟ್ಟಿಸಿಕೊಂಡ ಜನರ ಹೆಸರು 1818ರ ಯುದ್ಧದ ಕಲ್ಲಿನ ಮೇಲೆ ಕೂತಿದೆ. ಆದರೆ ಆ ಕಲ್ಲು ಕೆತ್ತಿಸಿದ ಸರ್ಕಾರವೇ ಮುಂದೆ ಎಪ್ಪತ್ತು-ಎಂಬತ್ತು ವರ್ಷ ಕಳೆಯೋ ಹೊತ್ತಿಗೆ ಅದೇ ಜನರನ್ನ ಸೈನ್ಯದಿಂದ ಆಚೆ ಹಾಕಿತು ಅನ್ನೋದನ್ನ ನಾವು ಅಷ್ಟು ಜೋರಾಗಿ ಹೇಳಲ್ಲ. ಇವತ್ತು ಅದನ್ನೇ ಹೇಳೋಣ ಅಂತ ಕೂತಿದ್ದೀನಿ. ಹೇಳೋ ದಾರಿ ಮಾತ್ರ ಸ್ವಲ್ಪ ಸುತ್ತು. ಯುದ್ಧದ ಕತೆಯಿಂದ ಶುರು ಮಾಡಲ್ಲ. ಪದಕ ಕೊಡುವ ನಿಯಮಗಳಿಂದ ಶುರು ಮಾಡ್ತೀನಿ.

ನಾನು ಗುಮಾಸ್ತ. ಸೇವಾ ಪುಸ್ತಕ, ಅರ್ಹತಾ ಸೇವೆ, ಸೇವೆಯಲ್ಲಿ ವಿರಾಮ, ರಜೆ ಕಳೆದು ಉಳಿದ ದಿನ ಎಷ್ಟು, ಇದೇ ನನ್ನ ದಿನದ ಅನ್ನ. ಇಪ್ಪತ್ತು ವರ್ಷದಿಂದ ಇಂಥ ಕಡತಗಳ ಮಧ್ಯೆ ಕೂತು ನನಗೆ ಒಂದು ಅಭ್ಯಾಸ ಬಂದಿದೆ. ಯಾವ ನಿಯಮ ಓದಿದರೂ ಯಾರಿಗೆ ಏನು ಕೊಡ್ತಾರೆ ಅನ್ನೋದನ್ನ ಆಮೇಲೆ ನೋಡ್ತೀನಿ. ಮೊದಲು ನೋಡೋದು ಯಾರ ದಿನಗಳನ್ನ ಲೆಕ್ಕಕ್ಕೆ ತಗೋತಾರೆ ಅಂತ.

ಬ್ರಿಟನ್ನಿನಲ್ಲಿ ವಾಲಂಟಿಯರ್ ಪಡೆ ಅಂತ ಒಂದಿತ್ತು. ಪೂರ್ಣಾವಧಿ ಸೈನಿಕರಲ್ಲ. ವಾರದ ದಿನ ಅಂಗಡಿ, ಕಚೇರಿ, ಕಾರ್ಖಾನೆ ಕೆಲಸ ಮಾಡಿಕೊಂಡು, ಸಂಜೆಗೋ ರಜಾ ದಿನಕ್ಕೋ ಕವಾಯತಿಗೆ ಬರುವ ಜನ. ಇವರಲ್ಲಿ ಅಧಿಕಾರಿಗಳಾಗಿ 20 ವರ್ಷ ಸೇವೆ ಮಾಡಿದವರಿಗೆ ವಿಕ್ಟೋರಿಯಾ ರಾಣಿ 1892ರಲ್ಲಿ ಒಂದು ಗೌರವ ಪದಕ ಸ್ಥಾಪಿಸಿದಳು. ಬೆಳ್ಳಿಯ ಓಕ್ ಎಲೆಗಳ ಮೊಟ್ಟೆಯಾಕಾರದ ಹಾರ, ನಡುವೆ ಚಿನ್ನದ ಲೇಪದ ಕಿರೀಟ, ಹಸಿರು ರಿಬ್ಬನ್ನು. ಅದನ್ನ ಪಡೆದವರು ಹೆಸರಿನ ಮುಂದೆ 'ವಿ.ಡಿ.' ಅಂತ ಬರೆದುಕೊಳ್ಳಬಹುದಿತ್ತು. ಎರಡು ವರ್ಷ ಬಿಟ್ಟು 1894ರಲ್ಲಿ ಸಾಮಾನ್ಯ ದರ್ಜೆಯವರಿಗೂ 20 ವರ್ಷದ ದೀರ್ಘಸೇವಾ ಪದಕ ಬಂತು. ಇದು ದುಂಡನೆಯ ಬೆಳ್ಳಿ ಬಿಲ್ಲೆ. ಒಂದು ಮುಖದಲ್ಲಿ ರಾಣಿ, ಇನ್ನೊಂದು ಮುಖದಲ್ಲಿ ವಾಲಂಟಿಯರ್ ಪಡೆಯಲ್ಲಿ ದೀರ್ಘಸೇವೆಗಾಗಿ ಅನ್ನುವ ಬರಹ.

ಅಧಿಕಾರಿಗಳ ಪದಕ 1894ರಲ್ಲಿ, ಸಾಮಾನ್ಯ ದರ್ಜೆಯವರ ಪದಕ 1896ರಲ್ಲಿ ಭಾರತಕ್ಕೂ ವಸಾಹತುಗಳಿಗೂ ವಿಸ್ತರಣೆ ಆದವು. ಇಲ್ಲಿಗೆ ಬರುವ ಬಿಲ್ಲೆಯ ಮೇಲೆ ರಾಣಿಯ ಬಿರುದು ಒಂದು ಪದ ಉದ್ದ ಆಯ್ತು. ಊರಲ್ಲಿ ಬರೀ ರಾಣಿ, ಇಲ್ಲಿ ರಾಣಿ ಮತ್ತು ಚಕ್ರವರ್ತಿನಿ. 1899ರಲ್ಲಿ ಉಳಿದ ವಸಾಹತುಗಳಿಗೆ ಬೇರೆಯದೇ ದೀರ್ಘಸೇವಾ ಪದಕ ಮಾಡಿದರು. ಭಾರತದಲ್ಲಿ ಹಳೆಯದೇ 1930ರವರೆಗೆ ನಡೀತು.

ಈಗ ನನ್ನಂಥವರಿಗೆ ರುಚಿಸುವ ಭಾಗ. ಈ ಅವಧಿಯನ್ನ ಎಣಿಸೋದು ಹೇಗೆ? ಅಧಿಕಾರಿಗಳ ಪದಕಕ್ಕೆ ಸೇವೆ ಒಂದೇ ಸಮನೆ ಇರಬೇಕಾಗಿರಲಿಲ್ಲ. ಮಧ್ಯೆ ಬಿಟ್ಟು ಮತ್ತೆ ಸೇರಿದರೂ ಕೂಡಿಸಿ ಲೆಕ್ಕ ಹಾಕುತ್ತಿದ್ದರು. ಅಧಿಕಾರಿ ಆಗುವ ಮೊದಲು ಸಾಮಾನ್ಯ ದರ್ಜೆಯಲ್ಲಿ ಕಳೆದ ಕಾಲದ ಅರ್ಧ ಭಾಗ ಜಮೆ. ಭಾರತದಲ್ಲಿ ಅಧಿಕಾರಿಗೆ 20ರ ಬದಲು 18 ವರ್ಷ ಸಾಕು, ಯಾಕಂದ್ರೆ ಇಲ್ಲಿಯ ಬಿಸಿಲು ಕಷ್ಟ. ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ ಮಾಡಿದ ಸೇವೆಗೆ ಡಬಲ್ ಲೆಕ್ಕ, ಒಂದು ವರ್ಷಕ್ಕೆ ಎರಡು ವರ್ಷ. ಅಲ್ಲಿ ಜ್ವರಕ್ಕೆ ಬಿಳಿಯರು ಸಾಯುತ್ತಿದ್ದರು ಅನ್ನೋ ಕಾರಣಕ್ಕೆ. ನ್ಯೂಜಿಲೆಂಡಿನವರು 1887ರಲ್ಲೇ ತಮ್ಮದೇ ಪದಕ ಮಾಡಿಕೊಂಡಿದ್ದರು. ಅಲ್ಲಿ ಒಂದೇ ಸಮನೆ 16 ವರ್ಷ, ಇಲ್ಲಾ ಬಿಟ್ಟು ಬಿಟ್ಟು 20 ವರ್ಷ. ಇದರ ಮೇಲೆ ಪ್ರತಿ ವರ್ಷವೂ 'ದಕ್ಷ' ಅಂತ ಪ್ರಮಾಣಪತ್ರ ಆಗಬೇಕು. ಇಷ್ಟು ಕವಾಯತು, ಇಷ್ಟು ಗುರಿ ಅಭ್ಯಾಸ ಮುಗಿಸಿದವನೇ ದಕ್ಷ. ಒಬ್ಬೊಬ್ಬ ದಕ್ಷನ ತಲೆಗೆ ಇಷ್ಟು ಅಂತ ಸರ್ಕಾರ ಆ ಪಡೆಗೆ ದುಡ್ಡು ಕೊಡುತ್ತಿತ್ತು.

ಎಷ್ಟು ಮುತುವರ್ಜಿ ನೋಡಿ. ಬಿಸಿಲಿಗೆ ರಿಯಾಯಿತಿ, ಜ್ವರಕ್ಕೆ ರಿಯಾಯಿತಿ, ಮಧ್ಯೆ ಬಿಟ್ಟು ಹೋದವನಿಗೂ ರಿಯಾಯಿತಿ. ಒಬ್ಬ ಮನುಷ್ಯನ ಒಂದು ದಿನವೂ ವ್ಯರ್ಥ ಆಗಬಾರದು ಅನ್ನೋ ಕಾಳಜಿಯಿಂದ ಬರೆದ ನಿಯಮ. ಇದನ್ನ ನಾನು ವ್ಯಂಗ್ಯಕ್ಕೆ ಹೇಳ್ತಿಲ್ಲ. ಕೆಲಸ ಮಾಡಿದವನ ಕಾಲಕ್ಕೆ ಬೆಲೆ ಕೊಡುವ ನಿಯಮ ಹೀಗೇ ಇರಬೇಕು. ಆದರೆ ಆ ಮನುಷ್ಯ ಯಾರು?

ಭಾರತದಲ್ಲಿ ವಾಲಂಟಿಯರ್ ಪಡೆಗಳು ಬೆಳೆದದ್ದು 1857ರ ದಂಗೆಯ ಭಯದಿಂದ. ಸಿಪಾಯಿಗಳು ಮತ್ತೆ ತಿರುಗಿಬಿದ್ದರೆ ಬಿಳಿಯರು ತಮ್ಮನ್ನ ತಾವು ಕಾಪಾಡಿಕೊಳ್ಳಬೇಕಲ್ಲ. 1869ರಲ್ಲಿ ಇದಕ್ಕೊಂದು ಕಾಯ್ದೆಯೂ ಆಯ್ತು. ಬೆಂಗಳೂರು ದಂಡಿನಲ್ಲಿ 1868ರಲ್ಲೇ ಬೆಂಗಳೂರು ರೈಫಲ್ ವಾಲಂಟಿಯರ್ಸ್ ಶುರುವಾಗಿತ್ತು. ಕಾಫಿ ತೋಟದ ಸಾಹೇಬರಿಗೆ ಕೊಡಗು-ಮೈಸೂರು ರೈಫಲ್ಸ್. ಹುಬ್ಬಳ್ಳಿ ಕಡೆ ರೈಲ್ವೆಯವರಿಗೆ ಸದರ್ನ್ ಮರಾಠಾ ರೈಲ್ವೆಯ ರೈಫಲ್ ಪಡೆ. ಚಿನ್ನದ ಗಣಿಯ ಸಾಹೇಬರಿಗೆ ಕೋಲಾರ ಗೋಲ್ಡ್ ಫೀಲ್ಡ್ಸ್ ವಾಲಂಟಿಯರ್ಸ್. ಇವುಗಳಲ್ಲಿ ಇದ್ದವರು ಯುರೋಪಿಯನ್ನರು ಮತ್ತು ಆಗ ಯುರೇಷಿಯನ್ ಅಂತ ಕರೆಯುತ್ತಿದ್ದ ಆಂಗ್ಲೋ-ಇಂಡಿಯನ್ನರು. ಅಲ್ಲೊಂದು ಇಲ್ಲೊಂದು ಅಪವಾದ ಬಿಟ್ಟರೆ ದೇಶೀಯರಿಗೆ ಜಾಗವಿರಲಿಲ್ಲ.

ಒಂದು ತಮಾಷೆ ಗಮನಿಸಿ. ವಾಲಂಟಿಯರ್ ಅಂದ್ರೆ ಸ್ವಯಂಸೇವಕ, ಸ್ವಂತ ಇಷ್ಟದಿಂದ ಬಂದವನು. ಆದರೆ ರೈಲ್ವೆಯಲ್ಲಿ ಕೆಲಸಕ್ಕೆ ಸೇರುವ ಯುರೋಪಿಯನ್, ಆಂಗ್ಲೋ-ಇಂಡಿಯನ್ ನೌಕರರಿಗೆ ವಾಲಂಟಿಯರ್ ಪಡೆ ಸೇರೋದು ನೌಕರಿಯ ಷರತ್ತೇ ಆಗಿತ್ತು. ಬಲವಂತದ ಸ್ವಯಂಸೇವಕರು! ಇಷ್ಟವಿಲ್ಲದೆ ಕವಾಯತು ಮಾಡಿದವನಿಗೂ ಇಪ್ಪತ್ತು ವರ್ಷಕ್ಕೆ ಬೆಳ್ಳಿ ಬಿಲ್ಲೆ. ಇಷ್ಟಪಟ್ಟು ಬಾಗಿಲಲ್ಲಿ ನಿಂತವನಿಗೆ ಪ್ರವೇಶ ಇಲ್ಲ. (ಆಂಗ್ಲೋ-ಇಂಡಿಯನ್ನರ ಮೇಲೆ ನನಗೆ ಸಿಟ್ಟಿಲ್ಲ. ಕ್ಲಬ್ಬಿನ ಬಾಗಿಲಲ್ಲಿ ಅವರನ್ನೂ ತಡೆಯುತ್ತಿದ್ದರು, ಸಂಬಳದಲ್ಲೂ ಸಾಹೇಬರಿಗಿಂತ ಕೆಳಗೇ ಇಟ್ಟಿದ್ದರು. ಬಂದೂಕು ಕೊಡುವಾಗ ಮಾತ್ರ ನೀವು ನಮ್ಮವರು ಅಂದರು. ಅದು ಬಿಳಿಯರ ಲೆಕ್ಕಾಚಾರ.)

ಬಾಗಿಲಲ್ಲಿ ನಿಂತವರ ಕತೆಯೂ ಇದೆ. 1885ರಲ್ಲಿ ಆಫ್ಘನ್ ಗಡಿಯ ಪಂಜ್‌ದೇಹ್‌ನಲ್ಲಿ ರಷ್ಯಾದವರು ನುಗ್ಗಿದರು, ಇನ್ನೇನು ಯುದ್ಧ ಅನ್ನೋ ಗುಲ್ಲೆದ್ದಿತು. ಆಗ ಮದ್ರಾಸು, ಕಲ್ಕತ್ತಾ, ಪುಣೆ ಕಡೆಯ ವಿದ್ಯಾವಂತ ಭಾರತೀಯರು ನಮ್ಮನ್ನೂ ವಾಲಂಟಿಯರ್ ಮಾಡ್ಕೊಳ್ಳಿ ಅಂತ ಅರ್ಜಿ ಹಾಕಿದರು. ಸರ್ಕಾರ ಒಪ್ಪಲಿಲ್ಲ. 1878ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಭಾರತೀಯರ ಕೈಯಿಂದ ಬಂದೂಕು ಕಿತ್ತುಕೊಂಡ ಸರ್ಕಾರ ಅದು, ಏಳು ವರ್ಷಕ್ಕೆ ಮತ್ತೆ ಕೊಡುತ್ತದೆಯೇ? 1886ರಲ್ಲಿ ಕಲ್ಕತ್ತಾದಲ್ಲಿ ಸೇರಿದ ಕಾಂಗ್ರೆಸ್ಸಿನ ಎರಡನೇ ಅಧಿವೇಶನ ಇದೇ ಬೇಡಿಕೆಯನ್ನ ನಿರ್ಣಯ ಮಾಡಿತು. ಆಮೇಲೂ ಮತ್ತೆ ಮತ್ತೆ ಕೇಳಿದರು.

ಕಾಂಗ್ರೆಸ್ಸಿನ ಆ ಬೇಡಿಕೆ ನ್ಯಾಯವಾದದ್ದೇ. ಆದರೆ ಅವರು ಕೇಳಿದ್ದು ವಿದ್ಯಾವಂತ, ಮರ್ಯಾದಸ್ಥ ಭಾರತೀಯರ ಪರವಾಗಿ. ಆ ಮರ್ಯಾದಸ್ಥರ ಪಟ್ಟಿಯಲ್ಲಿ ಹೊಲಗೇರಿ, ಮಾದಿಗರ ಕೇರಿ, ಮಹಾರವಾಡ ಇರಲಿಲ್ಲ. ಬಂದೂಕು ಹಿಡಿದು ಅಭ್ಯಾಸವೇ ಇಲ್ಲದವರು ನಮಗೂ ಕೊಡಿ ಅಂತ ಕೇಳ್ತಿದ್ದ ಅದೇ ವರ್ಷಗಳಲ್ಲಿ, ಮೂರು ತಲೆಮಾರಿನಿಂದ ಬಂದೂಕು ಹಿಡಿದವರ ಕೈಯಿಂದ ಅದನ್ನ ಕಿತ್ತುಕೊಳ್ಳೋ ತಯಾರಿ ನಡೆದಿತ್ತು. ಆ ಬಗ್ಗೆ ಅಧಿವೇಶನದ ಪೆಂಡಾಲು ಚಿಂತೆ ಮಾಡಲಿಲ್ಲ.

ಇನ್ನೊಂದು ವಿಷಯ. ದೇಶೀಯರನ್ನ ಸೇರಿಸಿಕೊಳ್ಳೋದು ಸಾಮ್ರಾಜ್ಯಕ್ಕೆ ಆಗದ ಕೆಲಸ ಆಗಿರಲಿಲ್ಲ. ಪಕ್ಕದ ಸಿಲೋನಿನಲ್ಲಿ 1881ರಲ್ಲೇ ಸಿಲೋನ್ ಲೈಟ್ ಇನ್‌ಫೆಂಟ್ರಿ ವಾಲಂಟಿಯರ್ಸ್ ಕಟ್ಟಿದಾಗ ಅದರಲ್ಲಿ ಸಿಂಹಳೀಯರು, ತಮಿಳರು, ಬರ್ಗರ್‌ಗಳು ಇದ್ದರು. ಸಿಂಗಾಪುರದಲ್ಲಿ 1901ರಲ್ಲಿ ಚೀನೀಯರದ್ದೇ ಒಂದು ವಾಲಂಟಿಯರ್ ಕಂಪನಿ ಕಟ್ಟಿದರು. ಅವರೆಲ್ಲ ವಸಾಹತು ಪಡೆಗಳ ದೀರ್ಘಸೇವಾ ಪದಕಕ್ಕೆ ಅರ್ಹರು. ರಾಮೇಶ್ವರದಿಂದ ಸಮುದ್ರ ದಾಟಿದರೆ ಸಿಗುವ ಹಕ್ಕು ಈ ಕಡೆ ಇಲ್ಲ. ನಿಯಮ ಒಂದೇ ಬಗೆಯದು, ಭಯ ಮಾತ್ರ ಬೇರೆ ಬೇರೆ. ಸಿಲೋನಿನಲ್ಲಿ 1857 ನಡೆದಿರಲಿಲ್ಲ, ಅಷ್ಟೇ.

ಈಗ ಇಸವಿಗಳನ್ನ ಪಕ್ಕಪಕ್ಕ ಇಟ್ಟು ನೋಡೋಣ. ಇದಕ್ಕೇ ಈ ಪೋಸ್ಟ್ ಬರೆದದ್ದು.

ಬಾಬಾಸಾಹೇಬರು ಹುಟ್ಟಿದ್ದು 1891ರ ಏಪ್ರಿಲ್ 14, ಮ್ಹೌ ಎಂಬ ಸೈನ್ಯದ ದಂಡಿನಲ್ಲಿ. ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರು, ಸೈನಿಕ ಶಾಲೆಯ ಮುಖ್ಯೋಪಾಧ್ಯಾಯರು. ತಾತ ಮಾಲೋಜಿಯವರೂ ಸೈನಿಕರೇ. ಮರುವರ್ಷ 1892. ಆ ವರ್ಷ ಲಂಡನ್ನಿನಲ್ಲಿ ರಾಣಿ ವಾಲಂಟಿಯರ್ ಅಧಿಕಾರಿಗಳ ಪದಕಕ್ಕೆ ಸಹಿ ಹಾಕಿದಳು. ಅದೇ ವರ್ಷ ಇಲ್ಲಿ ಮಹಾರರ ಸೈನ್ಯ ನೇಮಕಾತಿ ನಿಂತಿತು. ಸೇವೆಯಲ್ಲಿದ್ದವರನ್ನೂ ಹಂತ ಹಂತವಾಗಿ ಹೊರಗೆ ಕಳಿಸಿದರು.

ಯಾಕೆ? ಫ್ರೆಡರಿಕ್ ರಾಬರ್ಟ್ಸ್ ಅಂತ ಒಬ್ಬ ಸೇನಾಪತಿ ಇದ್ದ. ಮೊದಲು ಮದ್ರಾಸ್ ಸೈನ್ಯದ ಮುಖ್ಯಸ್ಥ, 1885ರಿಂದ 1893ರವರೆಗೆ ಇಡೀ ಭಾರತದ ದಂಡನಾಯಕ. ಉತ್ತರದ ಕೆಲವು ಜನಾಂಗಗಳು ಮಾತ್ರ ಹುಟ್ಟಾ ಯೋಧರು, ದಕ್ಷಿಣದವರು ಮೆತ್ತಗಾಗಿದ್ದಾರೆ ಅನ್ನೋದು ಅವನ ಸಿದ್ಧಾಂತ. ಇದನ್ನೇ 'ಮಾರ್ಷಲ್ ರೇಸ್' ಅಂತಾರೆ. ಸೈನ್ಯವನ್ನ ಜಾತಿವಾರು ಕಂಪನಿಗಳಾಗಿ ವಿಂಗಡಿಸೋಕೆ ಶುರು ಮಾಡಿದರು. ಹಾಗೆ ವಿಂಗಡಿಸಿದಾಗ ಅಸ್ಪೃಶ್ಯರ ಕಂಪನಿ ಬೇಡ, ಮೇಲ್ಜಾತಿಯವರು ಅವರ ಜೊತೆ ಇರಲ್ಲ, ಅಸ್ಪೃಶ್ಯ ಸುಬೇದಾರನಿಗೆ ಸಲಾಮು ಹೊಡೆಯಲ್ಲ ಅಂತ ಮಾತು ಬಂತು. ಮನುಸ್ಮೃತಿ ಮಾಡಿದ ಕೆಲಸವನ್ನ ಲಂಡನ್ನಿನ ಜನಾಂಗ ವಿಜ್ಞಾನ ಮತ್ತೊಮ್ಮೆ ಮಾಡಿತು. ಒಂದು ಶ್ಲೋಕದಲ್ಲಿ, ಇನ್ನೊಂದು ಸುತ್ತೋಲೆಯಲ್ಲಿ.

ಒಬ್ಬ ಮಹಾರ್ ಸಿಪಾಯಿಯ ಸೇವಾ ಪುಸ್ತಕ ನನ್ನ ಮೇಜಿನ ಮೇಲೆ ಬಂದಿದೆ ಅಂದುಕೊಳ್ಳಿ. 1880ರಲ್ಲಿ ಸೇರಿದ ಯಾವನೋ ಒಬ್ಬ. ದೇಶೀ ಸೈನಿಕರಿಗೆ ಅಂತ 1888ರಲ್ಲಿ ಬೇರೆಯದೇ ದೀರ್ಘಸೇವೆ-ಸದ್ವರ್ತನೆಯ ಪದಕ ಮಾಡಿದ್ದರು, ಅದಕ್ಕೂ 20 ವರ್ಷವೇ ಬೇಕು. ಇವನ ಲೆಕ್ಕ ಹನ್ನೆರಡು-ಹದಿಮೂರಕ್ಕೆ ಬಂದು ನಿಂತಿದೆ. ತಪ್ಪು ಮಾಡಿಲ್ಲ, ಓಡಿ ಹೋಗಿಲ್ಲ, ಗಾಯ ಆಗಿಲ್ಲ. ಜಾತಿಯ ಕಾರಣಕ್ಕೆ ಮನೆಗೆ ಹೋಗು ಅಂದಿದ್ದಾರೆ. ಅವನಿಗೆ ಬಿಸಿಲಿನ ರಿಯಾಯಿತಿ ಇಲ್ಲ, ಅರ್ಧ ಜಮೆ ಇಲ್ಲ, ಬಿಟ್ಟು ಮತ್ತೆ ಸೇರಿ ಕೂಡಿಸಿಕೊಳ್ಳೋ ಅವಕಾಶ ಅಂತೂ ಇಲ್ಲವೇ ಇಲ್ಲ. ಊರಿಗೆ ಹೋದರೆ ಮತ್ತೆ ಮಹಾರ್ಕಿ, ಸತ್ತ ದನ ಹೊರುವ ಕೆಲಸ. ಹೋಗಿದ್ದು ಬರೀ ಬಿಲ್ಲೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಸಂಬಳ, ಪಿಂಚಣಿ, ಮಕ್ಕಳಿಗೆ ದಂಡಿನ ಶಾಲೆ, ಮೈಮೇಲೆ ಅಂಗಿ, ಹೆಸರು ಹಿಡಿದು ಕರೆಯುವ ಹಾಜರಾತಿ, ಎಲ್ಲವೂ ಅದರ ಜೊತೆಗೇ ಹೋಯಿತು. ರಾಮಜಿಯವರ ತಲೆಮಾರು ಓದಿದ್ದು ಆ ದಂಡಿನ ಶಾಲೆಗಳಿಂದ. ಆ ಬಾಗಿಲು ಒಂದು ಹತ್ತು-ಹದಿನೈದು ವರ್ಷ ಮೊದಲೇ ಮುಚ್ಚಿದ್ದರೆ ನಮ್ಮ ಚರಿತ್ರೆ ಏನಾಗುತ್ತಿತ್ತೋ ಯೋಚನೆ ಮಾಡಿದರೆ ಮೈ ಜುಮ್ಮೆನ್ನುತ್ತೆ.

ನಮ್ಮವರು ಸುಮ್ಮನೆ ಕೂರಲಿಲ್ಲ. ಗೋಪಾಲ ಬಾಬಾ ವಲಂಗ್ಕರ್ ಅವರು ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾಗಿ ದಾಪೋಲಿಯಲ್ಲಿ ನೆಲೆಸಿದ್ದವರು, ಜ್ಯೋತಿಬಾ ಫುಲೆಯವರ ವಿಚಾರದಿಂದ ಬೆಳೆದವರು, 1888ರಲ್ಲಿ ಅಸ್ಪೃಶ್ಯತೆಯ ವಿರುದ್ಧ ಪುಸ್ತಿಕೆ ಬರೆದವರು. ಅವರು 1894ರಲ್ಲಿ ಸೈನ್ಯದ ಬಾಗಿಲು ಮತ್ತೆ ತೆರೆಯಿರಿ ಅಂತ ಮನವಿ ತಯಾರಿಸಿದರು. 1894 ನೆನಪಿಟ್ಟುಕೊಳ್ಳಿ. ವಾಲಂಟಿಯರ್ ಸಾಮಾನ್ಯ ದರ್ಜೆಯವರ ಬೆಳ್ಳಿ ಬಿಲ್ಲೆ ಹುಟ್ಟಿದ್ದೂ ಅದೇ ವರ್ಷ. ರಾಮಜಿಯವರು ನಿವೃತ್ತರಾಗಿ ದಾಪೋಲಿಗೆ ಬಂದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಆಮೇಲೆ ಪುಣೆಯ ಶಿವರಾಮ ಜಾನಬಾ ಕಾಂಬಳೆಯವರು ಹಳ್ಳಿ ಹಳ್ಳಿಯ ಮಹಾರರನ್ನ ಸೇರಿಸಿ ಸರ್ಕಾರಕ್ಕೆ ಅರ್ಜಿ ಮೇಲೆ ಅರ್ಜಿ ಹಾಕಿದರು. 1910ರಲ್ಲಿ ಲಂಡನ್ನಿನ ಭಾರತ ಮಂತ್ರಿಯವರೆಗೂ ಅರ್ಜಿ ಹೋಯಿತು. ಕಾಂಬಳೆಯವರದ್ದು ಸಣ್ಣ ನೌಕರಿ. ಇಂಗ್ಲಿಷಿನ ಅರ್ಜಿಯ ಭಾಷೆ ಕಲಿತು, ಸಾವಿರಾರು ಹೆಬ್ಬೆಟ್ಟು-ಸಹಿ ಕೂಡಿಸಿದರು. ಅರ್ಜಿ ಬರೆಯೋದನ್ನ ಹೋರಾಟ ಅಲ್ಲ ಅಂತ ನಮ್ಮ ಕೆಲವು ಹುಡುಗರು ಹೀಯಾಳಿಸ್ತಾರೆ. ಅವರು ಕಾಂಬಳೆಯವರ ಬಗ್ಗೆ ಓದಲಿ.

ಅರ್ಜಿಯ ಧಾಟಿ ನಮಗೆ ಇವತ್ತು ಮುಜುಗರ ತರಬಹುದು. ನಾವು ನಿಷ್ಠರು, ನಿಮಗಾಗಿ ರಕ್ತ ಸುರಿಸಿದ್ದೇವೆ, ನಮ್ಮನ್ನ ಮರೀಬೇಡಿ ಅನ್ನೋ ಧಾಟಿ. ವಲಂಗ್ಕರರಂತೂ ನಾವು ಮೂಲತಃ ಕ್ಷತ್ರಿಯರೇ ಅಂತ ವಾದ ಮಾಡಿದರು. ಬಾಬಾಸಾಹೇಬರ ನಂತರದ ನಾವು ಹಾಗೆ ವಾದ ಮಾಡಲ್ಲ. ಆದರೆ ಮುಚ್ಚಿದ ಬಾಗಿಲ ಮುಂದೆ ನಿಂತವನು ಒಳಗಿನವನಿಗೆ ಅರ್ಥ ಆಗೋ ಭಾಷೆಯಲ್ಲೇ ಕೂಗ್ತಾನೆ. ಅದೇ ಭಾಷೆಯಲ್ಲಿ ಕಾಂಗ್ರೆಸ್ಸಿನ ವಕೀಲರೂ ಕೂಗುತ್ತಿದ್ದರು, ಅವರನ್ನ ಯಾರೂ ದೇಶದ್ರೋಹಿ ಅನ್ನಲ್ಲ. ಕೋರೆಗಾಂವ್ ಅಂದ ತಕ್ಷಣ ಬ್ರಿಟಿಷರ ಬೂಟು ನೆಕ್ಕಿದವರು ಅಂತ ಬರೆಯೋ ಮಹಾಶಯರಿಗೆ 1886ರ ನಿರ್ಣಯವನ್ನ ತೋರಿಸಿ. ಬೇಡಿಕೆ ಒಂದೇ, ಬಂದೂಕು ಒಂದೇ, ರಾಣಿ ಒಬ್ಬಳೇ.

ಇನ್ನು ಲೋಹದ ವಿಷಯ. ಇದು ನನಗೆ ತಿಳಿದಾಗ ಎರಡು ದಿನ ಬೇರೆ ಕೆಲಸ ಹತ್ತಲಿಲ್ಲ.

ಬ್ರಿಟಿಷ್ ಭಾರತದ ಸೈನ್ಯದ ಹಿಂದೆ ಇನ್ನೊಂದು ಸೈನ್ಯ ನಡೆಯುತ್ತಿತ್ತು. ನೀರು ಹೊರುವ ಭಿಸ್ತಿ, ಕುದುರೆ ನೋಡಿಕೊಳ್ಳುವ ಸಾಯಿಸ್, ಗಾಯಾಳುಗಳನ್ನ ಹೊರುವ ಡೋಲಿಯವರು, ಅಡಿಗೆಯವರು, ಚರ್ಮದ ಕೆಲಸದ ಮೋಚಿ, ಕಕ್ಕಸು ಬಳಿಯುವ ಸ್ವೀಪರ್. ದಾಖಲೆಯಲ್ಲಿ ಇವರೆಲ್ಲ 'ಫಾಲೋಯರ್'ಗಳು, ಹಿಂಬಾಲಕರು. ಭಿಸ್ತಿಗಳು ಬಹುಪಾಲು ಮುಸ್ಲಿಮರು, ಮೋಚಿ-ಸ್ವೀಪರ್ ಅಂದರೆ ನಮ್ಮವರೇ. ಗುಂಡು ಹಾರುವ ಜಾಗದಲ್ಲೇ ಇವರ ಕೆಲಸ, ಇವರೂ ಸಾಯುತ್ತಿದ್ದರು. 1885ರಿಂದ 87ರ ಬರ್ಮಾ ಯುದ್ಧದಿಂದ ಶುರುವಾಗಿ ಇವರಿಗೂ ಯುದ್ಧದ ಪದಕ ಕೊಟ್ಟರು. ಅದೇ ಅಚ್ಚು, ಅದೇ ರಾಣಿ, ಅದೇ ರಿಬ್ಬನ್ನು. ಹೋರಾಡಿದವರಿಗೆ ಬೆಳ್ಳಿಯದ್ದು, ಹಿಂಬಾಲಕರಿಗೆ ಕಂಚಿನದ್ದು. 1895ರ ಇಂಡಿಯಾ ಪದಕ, 1900ರ ಚೀನಾ ಪದಕ, 1903-04ರ ಟಿಬೆಟ್ ಪದಕ, ಎಲ್ಲದರಲ್ಲೂ ಹೀಗೇ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧವನ್ನ ಬಿಳಿಯರ ಯುದ್ಧ ಅಂತ ಕರೆದು ಭಾರತೀಯ ಸಿಪಾಯಿಗಳನ್ನ ಕಾದಾಡೋಕೆ ಕಳಿಸಲಿಲ್ಲ. ಸಾಯಿಸ್‌ಗಳನ್ನ, ಭಿಸ್ತಿಗಳನ್ನ ಮಾತ್ರ ಕಳಿಸಿದರು. ಅವರಿಗೂ ಕಂಚೇ. ಮೊದಲ ಮಹಾಯುದ್ಧದ ಬ್ರಿಟಿಷ್ ಯುದ್ಧ ಪದಕ ಲಕ್ಷಗಟ್ಟಲೆ ಬೆಳ್ಳಿಯಲ್ಲಿ ಅಚ್ಚಾಯಿತು. ಚೀನಾ, ಮಾಲ್ಟಾ, ಭಾರತದ ಕೂಲಿ ಪಡೆಗಳವರಿಗೆ ಅಂತ ಸುಮಾರು 1,10,000 ಪದಕ ಕಂಚಿನಲ್ಲಿ ಅಚ್ಚಾದವು. ರಾಧಿಕಾ ಸಿಂಘ ಅವರು 'ದಿ ಕೂಲೀಸ್ ಗ್ರೇಟ್ ವಾರ್' ಅಂತ 2020ರಲ್ಲಿ ಪುಸ್ತಕ ತಂದಿದ್ದಾರೆ. ಆ ಯುದ್ಧದ ಕೂಲಿ ಪಡೆಗಳ, ಹಿಂಬಾಲಕರ ಬದುಕು ತಿಳೀಬೇಕಾದವರು ಅದನ್ನ ಓದಿ.

ಊರ ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟಿದ್ದನ್ನ ನಾವು ನೋಡಿದ್ದೇವೆ. ಟೀ ಒಂದೇ, ಒಲೆ ಒಂದೇ, ಲೋಟ ಬೇರೆ. ಇದೂ ಹಾಗೇ.

ಇದರ ಎದುರಿಗೆ ಕೋಲಾರ ಗಣಿಯ ವಾಲಂಟಿಯರ್ ಸಾಹೇಬರನ್ನ ಇಟ್ಟು ನೋಡಿ. ಚಾಂಪಿಯನ್ ರೀಫಿನ ಕೆಳಗೆ ಬಂಡೆ ಕೊರೆದು ಸಿಲಿಕೋಸಿಸ್ ಹತ್ತಿಸಿಕೊಂಡು ಸತ್ತವರು ಬಹುಪಾಲು ತಮಿಳು ಸೀಮೆಯಿಂದ ಬಂದ ನಮ್ಮ ಪರೈಯರ ಜನ. ಅವರ ಇಪ್ಪತ್ತು ವರ್ಷಕ್ಕೆ ಬಿಲ್ಲೆ ಇರಲಿಲ್ಲ, ಬಹಳ ಜನಕ್ಕೆ ಇಪ್ಪತ್ತು ವರ್ಷವೇ ಇರಲಿಲ್ಲ. ಮೇಲೆ ಬಂಗಲೆಯಲ್ಲಿದ್ದ ಸಾಹೇಬ ಭಾನುವಾರಕ್ಕೊಮ್ಮೆ ಕವಾಯತು ಮಾಡಿ ಬೆಳ್ಳಿ ಬಿಲ್ಲೆ ಎಣಿಸುತ್ತಿದ್ದ. ಕವಾಯತು ಯಾರ ವಿರುದ್ಧ ಅನ್ನೋದನ್ನ ನಾನು ಬಿಡಿಸಿ ಹೇಳಬೇಕಿಲ್ಲ. ಕೊಡಗಿನಲ್ಲಿ ಇನ್ನೊಂದು ಬಗೆ. ಶಸ್ತ್ರಾಸ್ತ್ರ ಕಾಯ್ದೆಯಿಂದ ಕೊಡವರಿಗೆ ವಿನಾಯಿತಿ ಇತ್ತು, ಇವತ್ತಿಗೂ ಇದೆ. ಅವರ ತೋಟದಲ್ಲಿ ದುಡಿಯುವ ಯರವರಿಗೆ ಅಂಥ ವಿನಾಯಿತಿ ಯಾವ ಕಾಲಕ್ಕೂ ಸಿಗಲಿಲ್ಲ.

ಎಲ್ಲಾ ಕಡೆ ಮುಚ್ಚಿದ್ದರು ಅಂತಲ್ಲ. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್, ಈಗ ಹಲಸೂರು ಕೆರೆ ಪಕ್ಕ ಎಂ.ಇ.ಜಿ. ಅಂತೀವಲ್ಲ, ಅಲ್ಲಿ ಪರೈಯರು ಉಳಿದುಕೊಂಡರು. ರಾಬರ್ಟ್ಸ್ ಸಾಹೇಬನ ಸಿದ್ಧಾಂತಕ್ಕೂ ಸೇತುವೆ ಕಟ್ಟೋರು, ಸುರಂಗ ಅಗೆಯೋರು ಬೇಕಿತ್ತು. ಕೈಕೆಲಸ ಇದ್ದ ಕಡೆ ನಮ್ಮನ್ನ ಇಟ್ಟುಕೊಂಡರು. ಮೊದಲ ಮಹಾಯುದ್ಧದಲ್ಲಿ ಜನ ಸಾಲದೆ ಬಂದಾಗ 1917ರಲ್ಲಿ 111ನೇ ಮಹಾರ್ ಪಲ್ಟನ್ ಕಟ್ಟಿದರು, ಯುದ್ಧ ಮುಗಿದ ಮೇಲೆ 1921ರಲ್ಲಿ ಬರ್ಖಾಸ್ತು. ಬೇಕಾದಾಗ ಕರೆಯೋದು, ಬೇಡವಾದಾಗ ಕಳಿಸೋದು. ಈ ಕಡೆ 1920ರಲ್ಲಿ ವಾಲಂಟಿಯರ್ ವ್ಯವಸ್ಥೆಗೆ ಹೊಸ ಕಾಯ್ದೆ ಬಂತು. ಅದೂ ಎರಡು. ಯುರೋಪಿಯನ್ನರಿಗೆ, ಆಂಗ್ಲೋ-ಇಂಡಿಯನ್ನರಿಗೆ ಆಕ್ಸಿಲಿಯರಿ ಫೋರ್ಸ್, ಭಾರತೀಯರಿಗೆ ಟೆರಿಟೋರಿಯಲ್ ಫೋರ್ಸ್. ಲೋಟ ಎರಡೇ ಇರಲಿ ಅಂತ ಕಾಯ್ದೆಯಲ್ಲೇ ಬರೆದರು.

1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಬಾಬಾಸಾಹೇಬರು ಬ್ರಿಟಿಷರ ಮುಖಕ್ಕೇ ಕೇಳಿದರು. ನೀವು ಬರುವ ಮೊದಲು ನಮಗೆ ಬಾವಿ ಮುಟ್ಟೋ ಹಾಗಿರಲಿಲ್ಲ, ದೇವಸ್ಥಾನಕ್ಕೆ ಹೋಗೋ ಹಾಗಿರಲಿಲ್ಲ, ಪೊಲೀಸಿಗೆ ಸೇರೋ ಹಾಗಿರಲಿಲ್ಲ, ಈಗ ಆಗುತ್ತಾ? ಸೈನ್ಯದ ಬಾಗಿಲು ಈಗ ನಮಗೆ ತೆರೆದಿದೆಯಾ? ಅಂತ. (ಮಾತು ಅವರದ್ದೇ ಅಲ್ಲ, ಸಾರ ಹೇಳಿದೆ.) ಬ್ರಿಟಿಷರ ಏಜೆಂಟ್ ಅಂತ ಅವರನ್ನ ಕರೆಯುವವರು ಆ ಭಾಷಣ ಓದಿರಲ್ಲ. ಹನ್ನೊಂದು ವರ್ಷದ ನಂತರ, ಎರಡನೇ ಮಹಾಯುದ್ಧದ ಹೊತ್ತಲ್ಲಿ ಅವರು ವೈಸ್‌ರಾಯರ ರಕ್ಷಣಾ ಮಂಡಳಿಯ ಸದಸ್ಯರಾದರು. 1941ರ ಅಕ್ಟೋಬರ್ 1ರಂದು ಮಹಾರ್ ರೆಜಿಮೆಂಟಿನ ಮೊದಲ ಪಲ್ಟನ್ ಕಟ್ಟಿದ್ದು ನಮ್ಮ ಬೆಳಗಾವಿಯಲ್ಲಿ. 1892ರಿಂದ 1941, ಎಣಿಸಿ. ಸುಮಾರು ಐವತ್ತು ವರ್ಷ. ಎರಡು ದೀರ್ಘಸೇವಾ ಪದಕ ಆಗಿ ಇನ್ನೂ ಮಿಕ್ಕುವಷ್ಟು ಕಾಲ ಹೊರಗೆ ನಿಂತು ಕಾದದ್ದು.

ಈ ಲೆಕ್ಕ ಇವತ್ತಿಗೂ ಮುಗಿದಿಲ್ಲ ಅನ್ನೋದಕ್ಕೆ ನಾನು ದೂರ ಹೋಗಬೇಕಿಲ್ಲ. 2006ರ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಗುತ್ತಿಗೆ, ದಿನಗೂಲಿ ನೌಕರರ ಕಡತ ಬಂದಾಗಲೆಲ್ಲ ನಾವು ನೋಡೋದು ಇಷ್ಟೇ. ಮಂಜೂರಾದ ಹುದ್ದೆಯೇ? ಹತ್ತು ವರ್ಷ ಆಗಿದೆಯೇ? ಮಧ್ಯೆ ವಿರಾಮ ಇದೆಯೇ? ವಿರಾಮ ಬೀಳಲಿ ಅಂತಲೇ ಗುತ್ತಿಗೆದಾರನನ್ನ ಬದಲಿಸಿ ಹೊಸ ಕಾಗದ ಮಾಡಿಸೋದನ್ನ ನಾನು ಕಣ್ಣಾರೆ ಕಂಡಿದ್ದೀನಿ. ಯಾವ ಕಚೇರಿ ಅಂತ ಕೇಳಬೇಡಿ. ಕಸ ಗುಡಿಸುವ ಪೌರಕಾರ್ಮಿಕ ಅಕ್ಕ ಅದೇ ಬೀದಿಯನ್ನ ಅದೇ ಪೊರಕೆಯಿಂದ ಹದಿನೆಂಟು ವರ್ಷ ಗುಡಿಸಿರ್ತಾಳೆ, ಕಾಗದದ ಮೇಲೆ ಅವಳದ್ದು ಹನ್ನೊಂದು ತಿಂಗಳು. ಬಿಸಿಲಿಗೆ ಎರಡು ವರ್ಷದ ರಿಯಾಯಿತಿ ಕೊಟ್ಟ ನಿಯಮವನ್ನ ಓದುವಾಗ ನನಗೆ ನೆನಪಾದದ್ದು ಅವಳೇ.

ಇಷ್ಟು ಓದಿದ ಗೆಳೆಯರಿಗೆ ಒಂದು ಕೋರಿಕೆ. ಆ ಕಾಲದ ಪದಕಗಳ ಅಂಚಿನ ಮೇಲೆ ಪಡೆದವನ ಹೆಸರು, ಕೆಲಸ, ಪಡೆ ಕೊರೆಯುವ ಪದ್ಧತಿ ಇತ್ತು. ಬೆಳ್ಳಿಯವು ಹರಾಜಿನಲ್ಲಿ ಸಾಹೇಬರ ಮೊಮ್ಮಕ್ಕಳಿಂದ ಸಂಗ್ರಾಹಕರ ಕೈಗೆ ಹೋಗ್ತಿವೆ, ಅವುಗಳ ಪಟ್ಟಿಗಳಿವೆ. ಕಂಚಿನವು ಎಲ್ಲಿ ಹೋದವು? ಎಷ್ಟೋ ಕರಗಿ ಹೋಗಿರಬಹುದು, ಎಷ್ಟೋ ಮಕ್ಕಳ ಆಟಕ್ಕೆ ಹೋಗಿರಬಹುದು. ಹಲಸೂರು, ಮರ್ಫಿ ಟೌನ್, ಕೆ.ಜಿ.ಎಫ್., ಬೆಳಗಾವಿ ಕ್ಯಾಂಪ್, ನಿಪ್ಪಾಣಿ, ಹುಬ್ಬಳ್ಳಿ ರೈಲ್ವೆ ಕಾಲೊನಿ ಕಡೆಯವರು ಮನೆಯಲ್ಲಿ ಅಜ್ಜ-ಮುತ್ತಜ್ಜನ ಕಾಲದ ಇಂಥ ಬಿಲ್ಲೆ ಏನಾದರೂ ಇದ್ದರೆ ತೆಗೆದು ನೋಡಿ. ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಷರ ಸವೆಯುತ್ತೆ. ಒಣ ಬಟ್ಟೆಯಲ್ಲಿ ಒರೆಸಿ, ಅಂಚನ್ನ ಬೆಳಕಿಗೆ ಹಿಡಿದು ಫೋಟೋ ತೆಗೆಯಿರಿ, ನನಗೆ ಮೆಸೇಜ್ ಮಾಡಿ. ಹೆಸರು, ಕೆಲಸ, ಪಡೆ, ಯಾವ ಯುದ್ಧ ಅಂತ ಒಂದು ರಿಜಿಸ್ಟರ್ ಶುರು ಮಾಡಿದ್ದೀನಿ. ಸದ್ಯಕ್ಕೆ ಅದರಲ್ಲಿ ನಾಲ್ಕು ಹೆಸರಿವೆ. ಮೂರು ಕಂಚು, ಒಂದು ಬೆಳ್ಳಿ.